ವಿಳಾಸ ಬರದಿಟ್ಟ್ರ ಮನಿ ಉಳಿಯಂಗಿಲ್ಲ

ಹ್ವಾದ ಶ್ರಾವಣದಾಗ ಒಂದು ಮಂಗಳವಾರ ಮುಂಜಾನೆ, ನಾ ಇನ್ನೂ ಒಲಿ ಮುಂದ ಇದ್ದೆ, ಬೆಂಗಳೂರಿನಿಂದ ಸೊಸಿ ಫೋನ್ ಹಚ್ಚಿದ್ಲು. "ಅತ್ತೀ, ಮಂಗಳಗೌರಿ ಆರತಿಗೆ ನಿಮ್ಮ ತವರಮನ್ಯಾಗ ಒಂದು ಹಾಡು ಹಾಡ್ತಿದ್ರಲ್ಲಾ, ದೊಡ್ಡ ಮೌಶಿ ಅದನ್ನ ತಮ್ಮ ಬ್ಲಾಗಿಗೆ ಹಾಕ್ಯಾರ ಅಂತ ನೀವ ಹೇಳಿದ್ರಿ. ಅದರ ಲಿಂಕ್ ಕಳಸ್ರಿ. ಇಲ್ಲೆ ಎಲ್ಲಾ ತಯಾರಿ ಆಗ್ಯದ, ಹಾಡ ಇಲ್ಲ" ಅಂದ್ಲು.

ನನಗ ಅಗದಿ ಖುಷಿ ಆತು. ಯಾಕಂದ್ರ ಇಂಥಾ ಹೊತ್ತಿನ ಸಲುವಾಗಿನ ನಾ ವರ್ಷಗಟ್ಲೆ ಲಿಂಕ್ ಕೂಡಿಸಿ ಇಟ್ಟಿದ್ದೆ. "ಎರಡು ನಿಮಿಷ ತಡಿಯವಾ" ಅಂದು, ಸೆರಗಿಗೆ ಕೈ ಒರಸಿಕೊಂಡು ಗೂಗಲ್ ಡ್ರೈವ್ ತೆಗದೆ. 'ಹಾಡು' ಅನ್ನೋ ಫೋಲ್ಡರ್, ಅದರೊಳಗ 'ಅವ್ವನ ಹಾಡು', ಅದರೊಳಗ ಒಂದು ಡಾಕ್ಯುಮೆಂಟು. ಅದರಾಗ ನಂಬರ್ ಹಾಕಿ 63 ಲಿಂಕ್. 17ನೇದ್ದು ಮಂಗಳಗೌರಿ ಆರತಿ. ಕಾಪಿ ಮಾಡಿ ಕಳಿಸೇಬಿಟ್ಟೆ.

ಐದು ನಿಮಿಷಕ್ಕ ಮತ್ತ ಫೋನ್. "ಅತ್ತೀ, ತೆರೀವಲ್ದು."

ನಾನೂ ಒತ್ತಿ ನೋಡಿದೆ. ಹಾಡಿನ ಜಾಗಾದಾಗ ಇಂಗ್ಲಿಷಿನ್ಯಾಗ ಒಂದು ಬಿಳೇ ಹಾಳಿ ಬಂತು, ಈ ಹೆಸರು ಮಾರಾಟಕ್ಕ ಅದ ಅಂತ. 18ನೇದ್ದು ಒತ್ತಿದೆ, ಅದ ಹಾಳಿ. 19, 20... ಹಾಲು ಉಕ್ಕಿ ಕಟ್ಟಿ ತುಂಬ ಹರದದ್ದು ಗೊತ್ತಾಗ್ಲಿಲ್ಲ ನನಗ. 63ಕ್ಕ 63 ಹೋಗಿದ್ವು. ನಮ್ಮಕ್ಕನ ಬ್ಲಾಗ ಇದ್ದಿದ್ದಿಲ್ಲ. ನನ್ನ ಕಡೆ ಉಳದದ್ದು ಅದರ ವಿಳಾಸ ಅಷ್ಟ.

ನಮ್ಮಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡಾಕಿ. ಅವ್ವ ಇದ್ದಾಗ ಆಕಿ ಬಾಜೂಕ ಕೂತು, ಬೀಸೋಕಲ್ಲಿನ ಹಾಡು, ತೊಟ್ಲದ ಹಾಡು, ಉರುಟಣಿ ಹಾಡು, ಆರತಿ ಹಾಡು ಎಲ್ಲಾ ಬರಕೊಂಡಿದ್ಲು. ಕೆಲವು ಫೋನಿನ್ಯಾಗ ರೆಕಾರ್ಡ್ ಸುದ್ಧಾ ಮಾಡಿದ್ಲು. 2012ರಾಗ ಬ್ಲಾಗ್ ಶುರು ಮಾಡಿ ಒಂದೊಂದ ಹಾಕ್ಕೋತ ಬಂದ್ಲು. ಹಾಡಿನ ಕೂಡ ಅಡಗೀನೂ ಬರೀತಿದ್ಲು: ಮೆಂತ್ಯದ ಹಿಟ್ಟಿಗೆ ಯಾವ ಬ್ಯಾಳಿ ಎಷ್ಟು ಹುರೀಬೇಕು, ಮಾದ್ಲಿಗೆ ಚಪಾತಿ ಎಷ್ಟು ದಪ್ಪ ಇರಬೇಕು, ಗುರೆಳ್ಳು ಹುರಿಯೋವಾಗ ಯಾವಾಗ ಕೈ ತಗೀಬೇಕು. ಮುಂದ ಯಾರೋ ಹೇಳಿದ್ರಂತ, ನಿಮ್ಮದ ಸ್ವಂತ ಹೆಸರಿನ ಸೈಟ್ ಮಾಡ್ರಿ ಛಲೋ ಕಾಣ್ತದ ಅಂತ. ರೊಕ್ಕಾ ಕೊಟ್ಟು ಹೆಸರು ತಗೊಂಡ್ಲು. 2021ರಾಗ ಆಕಿ ಹೋದ್ಲು. ಆ ವರ್ಷ ಯಾರ ಮನ್ಯಾಗ ಏನೇನ ಆತು ಅನ್ನೋದು ನಿಮಗೂ ಗೊತ್ತದ, ಅದನ್ನ ಬರಿಯಂಗಿಲ್ಲ.

ಆಕಿ ಹೋದಮ್ಯಾಲೆ ಬ್ಲಾಗ ತೆಗದು ಓದಲಿಕ್ಕೆ ನನಗ ಧೈರ್ಯ ಆಗ್ತಿದ್ದಿಲ್ಲ. ಆದ್ರ 'ಇಟ್ಟಿರಬೇಕು' ಅಂತ ಒಂದು ದಿನ ಕೂತು ಎಲ್ಲಾ ಲಿಂಕ್ ಒಂದೊಂದ ಕಾಪಿ ಮಾಡಿ ಡ್ರೈವಿಗೆ ಹಾಕಿದೆ. ಹಾಕಿ ನಿಶ್ಚಿಂತಿ ಆದೆ. ನೋಡ್ರಿ, ಅಲ್ಲೆ ತಪ್ಪಿದ್ದು. ಲಿಂಕ್ ಅಂದ್ರ ಹಾಡಲ್ಲ, ಹಾಡು ಎಲ್ಲದ ಅಂತ ತೋರಸೋ ವಿಳಾಸ. ನಾನು ಅಕ್ಕನ ಮನಿ ವಿಳಾಸ 63 ಸಲ ಚಂದಂಗ ಬರದು ಕಪಾಟಿನ್ಯಾಗ ಇಟಗೊಂಡು, ಅಕ್ಕನ ಮನೀನ ನನ್ನ ಕಪಾಟಿನ್ಯಾಗ ಅದ ಅಂತ ತಿಳಕೊಂಡಿದ್ದೆ.

ಸ್ವಂತ ಹೆಸರಿನ ಸೈಟ್ ಅಂದ್ರ ಅದು ಬಾಡಗಿ ಮನಿ ಇದ್ಧಂಗ, ವರ್ಷಾ ವರ್ಷಾ ರೊಕ್ಕಾ ಕಟ್ಟಬೇಕು. ಕಟ್ಟಲಿಲ್ಲಂದ್ರ ಮೇಲಿನ ಮ್ಯಾಲೆ ಮೇಲು ಬರ್ತಾವ, ಸ್ವಲ್ಪ ದಿನ ದಾರಿ ನೋಡ್ತಾರ, ಆಮ್ಯಾಲೆ ಹೆಸರು ಬ್ಯಾರೆಯವರ ಪಾಲು. ಆ ಮೇಲು ಬರ್ತಿದ್ದದ್ದು ಅಕ್ಕನ ಇಮೇಲಿಗೆ. ಅಕ್ಕನ ಫೋನು ಬಂದಾಗಿ ಕಪಾಟಿನ್ಯಾಗಿತ್ತು. ಭಾವಗ ಇದ್ಯಾವುದೂ ತಿಳಿಯಂಗಿಲ್ಲ. ಯಾರ ಮ್ಯಾಲೆ ಸಿಟ್ಟು ಮಾಡೋದು ಹೇಳ್ರಿ? ಯಾರೂ ಏನೂ ಕೆಟ್ಟದ್ದು ಮಾಡಿಲ್ಲ. ವರ್ಷದ ಬಾಡಗಿ ಕಟ್ಟಿಲ್ಲ, ಅಷ್ಟ.

ಅಕ್ಕನ ಮಗಗ ಫೋನ್ ಹಚ್ಚಿ ಅತ್ತೆ. ಅಂವಾ ಪಾಪ, "ಮೌಶಿ, ನೀವು ಲಿಂಕ್ ಇಟ್ಟದ್ದು ಛಲೋ ಆತು, ಅವೆಲ್ಲಾ ನನಗ ಕಳಸ್ರಿ" ಅಂದ. ಯಾಕಂದ್ರ ಅಮೆರಿಕಾದ ಸ್ಯಾನ್ ಫ್ರಾನ್ಸಿಸ್ಕೋದಾಗ ಇಂಟರ್ನೆಟ್ ಆರ್ಕೈವ್ ಅಂತ ಒಂದು ಸಂಸ್ಥೆ ಅದ. ಬ್ರೂಸ್ಟರ್ ಕೇಲ್ ಅನ್ನೋರು 1996ರಾಗ ಶುರು ಮಾಡಿದ್ದು, ಲಾಭದ ಸಂಸ್ಥೆ ಅಲ್ಲ. ಅವರು ಜಗತ್ತಿನ ವೆಬ್‌ಸೈಟುಗಳ ನಕಲು ತಗದು ತಗದು ಇಡ್ತಾರ. ಆ ನಕಲು ನೋಡೋ ಕಿಡಕಿಗೆ ವೇಬ್ಯಾಕ್ ಮಷೀನ್ ಅಂತ ಹೆಸರು, 2001ರಿಂದ ಎಲ್ಲಾರಿಗೂ ತೆರದಿಟ್ಟಾರ. ಅಲ್ಲೆ ಹಳೇ ವಿಳಾಸ ಹಾಕಿದ್ರ, ಅದರ ನಕಲು ಇದ್ರ, ಯಾವ ತಾರೀಖಿಂದು ಅಂತ ಕ್ಯಾಲೆಂಡರಿನ್ಯಾಗ ತೋರಸ್ತದ. ಅದಕ್ಕೂ ಪೂರ್ತಿ ವಿಳಾಸ ಗೊತ್ತಿದ್ರ ಹುಡುಕೋದು ಸಸಾರ. ಅಂದ್ರ ನನ್ನ ಸತ್ತ ಲಿಂಕ್ ಪೂರ್ತಿ ಸತ್ತಿದ್ದಿಲ್ಲ.

63ರಾಗ 22 ಸಿಕ್ಕವು. ಮೆಂತ್ಯದ ಹಿಟ್ಟು ಸಿಕ್ತು, ಬೀಸೋಕಲ್ಲಿನ ಹಾಡು ನಾಕು ಸಿಕ್ಕವು. ಅವ್ವನ ದನಿ ಇದ್ದ ರೆಕಾರ್ಡು ಒಂದೂ ಸಿಗಲಿಲ್ಲ. ಆ ಪೆಟ್ಟಿಗಿ ಚಿತ್ರ ಅದ, ಒತ್ತಿದ್ರ ಸುಮ್ನ ಕೂಡ್ತದ. ಮಂಗಳಗೌರಿ ಆರತೀನೂ ಸಿಗಲಿಲ್ಲ.

ಇದು ನಮ್ಮ ಮನಿ ಒಂದರದ್ದ ಕತಿ ಅಲ್ಲ. ಅಮೆರಿಕಾದ ಪ್ಯೂ ರಿಸರ್ಚ್ ಸೆಂಟರ್‌ದವರು 2024ರಾಗ ಲೆಕ್ಕಾ ತಗದು ಹೇಳಿದ್ರು: 2013ರಾಗ ಇದ್ದ ವೆಬ್ ಪುಟಗಳೊಳಗ ನೂರಕ್ಕ 38 ಹತ್ತು ವರ್ಷ ಆಗೋದ್ರಾಗ ಸಿಗಲಾರದಂಗ ಆಗಿದ್ವಂತ. ದೊಡ್ಡ ದೊಡ್ಡವರ ಅಂಗಡೀನೂ ಮುಚ್ಚ್ಯಾವ. ಮಂದಿ ತಮ್ಮ ಸ್ವಂತ ಪುಟ ಕಟಿಗೊಂಡಿದ್ದ ಯಾಹೂದವರ ಜಿಯೋಸಿಟೀಸ್ 2009ರಾಗ ಮುಚ್ಚಿತು. ಗೂಗಲ್ ಪ್ಲಸ್ 2019ರಾಗ. ಲಿಂಕ್ ಇಟಗೊಳ್ಳೋ ಸಲುವಾಗಿನ ಇದ್ದ ಪಾಕೆಟ್ ಅನ್ನೋ ಆ್ಯಪ್ 2025ರ ಜುಲೈದಾಗ ಬಂದಾತು. ಲಿಂಕಿನ ಗತಿ ಹಂಗ, ಲಿಂಕ್ ಇಡೋ ಪೆಟ್ಟಿಗಿ ಗತಿ ಹಿಂಗ.

ಈಗ ನಾ ಹೇಳಬೇಕಂದದ್ದಕ್ಕ ಬರ್ತೇನಿ. ನಾವು ಮನ್ಯಾಗಿರೋ ಹೆಣ್ಣಮಕ್ಕಳು ಫೋನಿನ್ಯಾಗ ಲಿಂಕ್ ಕೂಡಸೋದನ್ನ ಎಲ್ಲಾರೂ ಟೈಂಪಾಸ್ ಅಂತಾರ. ನಾವೂ ಹಂಗ ಅಂದ್ಕೊಂಡು, ಸಿಕ್ಕದ್ದನ್ನ ಸಿಕ್ಕಲ್ಲೆ ಒಗೀತೇವಿ. ಆದ್ರ ಅದು ಮನಿ ನೆನಪು ಕಾಯೋ ಕೆಲಸ. ಅದನ್ನ ಬ್ಯಾಂಕಿನ ಕಾಗದದಷ್ಟ ಜ್ವಾಕೀಲೆ ಮಾಡಬೇಕು ಅನ್ನೋದು ನನ್ನ ಮಾತು.

ನಮ್ಮ ಮನೆಯವರಿಗೆ ಇದನ್ನ ಹೇಳಿದ್ರ ಅವರದೊಂದು ಯಾವಾಗ್ಲೂ ಇದ್ದದ್ದ ಮಾತು: "ಬೇಕಾದಾಗ ಗೂಗಲ್ ಮಾಡಿದ್ರ ಆತಲ್ಲ, ಯಾಕ ಇಡಬೇಕು?" ಎರಡೂ ಕೈಲೆ ಹುಡುಕಿದ್ರೂ ಇದ್ದದ್ದ ಸಿಗಬೇಕಲ್ರಿ, ಇಲ್ಲದ್ದು ಹೆಂಗ ಸಿಗ್ತದ? ನಾನು 'ಮಂಗಳಗೌರಿ ಆರತಿ ಹಾಡು' ಅಂತ ಹುಡುಕಿದೆ. ನೂರಾರು ಬಂದ್ವು, ಸಿನಿಮಾದವರು ಹಾಡಿದ್ದು, ಮೈಸೂರು ಕಡೇದ್ದು, ಕರಾವಳಿದು. ಎಲ್ಲಾ ಛಲೋನ ಇದ್ವು. ನಮ್ಮವ್ವಂದು ಒಂದೂ ಇದ್ದಿದ್ದಿಲ್ಲ. ಸಾರಿನ ಪುಡಿ ಅಂಗಡ್ಯಾಗ ಬೇಕಾದಷ್ಟು ಸಿಗ್ತದ ಅಂತ ನಮ್ಮ ಮನಿ ಸಾರಿನ ಪುಡಿ ಅಳತಿ ಮರತರ ನಡೀತದೇನು?

ಇನ್ನ ಮಗನ ಮಾತು ಬ್ಯಾರೆ. "ಅಮ್ಮಾ, ಎಲ್ಲಾ ಡೌನ್‌ಲೋಡ್ ಮಾಡ್ಕೋತ ಕೂತ್ರ ಜಾಗಾ ತುಂಬ್ತದ, ಅದಕ್ಕ ಲಿಂಕ್ ಇಡೋದು" ಅಂತಾನ. ಇದು ಒಪ್ಪೋ ಮಾತ ಖರೆ. ಗೂಗಲ್‌ನವರು ಬಿಟ್ಟಿ ಕೊಡೋದು 15 ಜಿಬಿ. ಅದರಾಗ ಜಿಮೇಲ್, ಫೋಟೋ, ಡ್ರೈವ್ ಮೂರೂ ಹಂಚಿಕೋಬೇಕು. ಮೊಮ್ಮಗಳ ಜಾವಳದ ವಿಡಿಯೋದಾಗ ಅರ್ಧಾ ಹೋಗಿರ್ತದ. ಆದ್ರ ಬರದ ಮಾತಿಗೆ ಹಿಡಿಯೋ ಜಾಗಾ ಅಂದ್ರ ಚಿಟಗಿ ಅರಿಷಿಣದಷ್ಟು. ಒಂದು ಹಾಡು, ಒಂದು ಅಡಗಿ, ಒಂದು ಔಷಧದ ಮಾಹಿತಿ, ಇಂಥಾವು ಸಾವಿರ ಇಟ್ರೂ ಒಂದು ಲಗ್ನದ ವಿಡಿಯೋದಷ್ಟು ಜಾಗಾ ತಿನ್ನಂಗಿಲ್ಲ. ತುಂಬೋದು ವಿಡಿಯೋದಿಂದ. ಎಲ್ಲಾ ಇಳಿಸಬ್ಯಾಡ್ರಿ, ಯಾವುದು ಮತ್ತೊಂದ ಕಡೆ ಸಿಗಂಗಿಲ್ಲೋ ಅದನ್ನ ಇಳಿಸ್ರಿ. ಸಿನಿಮಾ ಹಾಡಿಗೆ ಲಿಂಕ್ ಸಾಕು. ಅವ್ವನ ಹಾಡಿಗೆ ಸಾಲಂಗಿಲ್ಲ.

ಈಗ ನಾ ಹೆಂಗ ಇಡ್ತೇನಿ ಹೇಳ್ತೇನಿ. ಇದರಾಗ ದೊಡ್ಡ ವಿದ್ಯಾ ಏನಿಲ್ಲ, ಪಿಯುಸಿ ಓದಿದ ನನಗ ಬಂದದ, ನಿಮಗೂ ಬರ್ತದ.

ಮೊದಲಿಗೆ ಫೋಲ್ಡರ್. ಲಾಕ್‌ಡೌನಿನ್ಯಾಗ ಮಗ ಕಲಿಸಿದಾಗ ಹುರುಪಿಲೆ 41 ಫೋಲ್ಡರ್ ಮಾಡಿದ್ದೆ. 'ಒಣ ಪಲ್ಯ', 'ಹಸಿ ಪಲ್ಯ', 'ಪಲ್ಯ ಇತರೆ'. ಯಾವುದ್ರಾಗ ಏನದ ನನಗ ಗೊತ್ತಾಗ್ತಿದ್ದಿಲ್ಲ. ಈಗ ಆರ ಅದಾವ: ಅಡಗಿ, ಹಾಡು ಮತ್ತ ಹಬ್ಬ, ಆರೋಗ್ಯ, ರೊಕ್ಕ ಮತ್ತ ಸರಕಾರ, ಊರು ಮತ್ತ ಬಳಗ, ಓದೋದು. ಹೆಸರಿನ ಮುಂದ 1, 2, 3 ಅಂತ ನಂಬರ್ ಹಾಕಿದ್ರ ಅವು ಯಾವಾಗ್ಲೂ ಅದ ಸರತೀಲೆ ಕೂಡ್ತಾವ, ಅಡಗಿಮನಿ ಡಬ್ಬಿ ಹಂಗ, ಕತ್ತಲದಾಗೂ ಕೈಗೆ ಸಿಗ್ತಾವ. ಒಂದೊಂದು ಫೋಲ್ಡರಿನ್ಯಾಗ ಒಂದ ಡಾಕ್ಯುಮೆಂಟು, 'ಯಾದಿ' ಅಂತ. ಲಿಂಕ್ ಎಲ್ಲಾ ಅದರಾಗ.

ಎರಡನೇದ್ದು, ಬರೇ ಲಿಂಕ್ ಇಡಬ್ಯಾಡ್ರಿ, ಅದರ ಬಾಜೂಕ ನಿಮ್ಮ ಮಾತಿನ್ಯಾಗ ಒಂದು ಸಾಲು ಬರೀರಿ. ಏನಿದು, ಯಾರು ಕಳಿಸಿದ್ರು, ಯಾಕ ಬೇಕು, ಯಾವ ತಾರೀಖು. "ಮೊಣಕಾಲ ವ್ಯಾಯಾಮ, ಡಾಕ್ಟರ್ ತೋರಿಸಿದ್ದಕ್ಕ ಇದು ಹೊಂದ್ತದ, ಮೂರನೇದ್ದು ಮಾಡಬ್ಯಾಡ ಅಂದಾರ" ಅಂತ ನಾ ಬರದಿಟ್ಟೇನಿ. ಆ ಸಾಲು ಇರಲಿಲ್ಲಂದ್ರ ಆರು ತಿಂಗಳಿಗೆ ನಾ ಮೂರನೇದ್ದ ಮಾಡ್ತಿದ್ದೆ. ಲಿಂಕ್ ಸತ್ತರೂ ಆ ಸಾಲು ಉಳೀತದ. ಏನು ಹುಡುಕಬೇಕು ಅನ್ನೋದಾದ್ರೂ ಗೊತ್ತಿರ್ತದ. ಒಂದು ಶಬ್ದ ಕನ್ನಡದಾಗೂ ಇಂಗ್ಲಿಷ್ ಅಕ್ಷರದಾಗೂ ಬರದ್ರ ಇನ್ನೂ ಛಲೋ. ಡ್ರೈವಿನ ಮ್ಯಾಲೆ ಹುಡುಕೋ ಪಟ್ಟಿ ಅದಲ್ಲ, ಅದರಾಗ ಸೊಸಿ ಇಂಗ್ಲಿಷ್ ಅಕ್ಷರದಾಗ ಹುಡುಕ್ತಾಳ, ನಾ ಕನ್ನಡದಾಗ. ಇಬ್ಬರಿಗೂ ಸಿಗಬೇಕು.

ಮೂರನೇದ್ದು, ಅಗದಿ ಮುಖ್ಯದ್ದು: ಬೇಕಾದ್ದರ ನಕಲು ತಗೀರಿ. ಪುಟ ತೆರದು ಪ್ರಿಂಟ್ ಅಂತ ಒತ್ತಿ, ಪ್ರಿಂಟರ್ ಬದಲಿ ಪಿಡಿಎಫ್ ಆಗಿ ಉಳಿಸು ಅನ್ನೋದನ್ನ ಆರಿಸಿದ್ರ ಆ ಹಾಳಿ ಫೈಲಾಗಿ ಬರ್ತದ. ಅದನ್ನ ಡ್ರೈವಿಗೆ ಹಾಕ್ರಿ. ಮಂದಿ ಬರದದ್ದನ್ನ ಮನಿ ಉಪಯೋಗಕ್ಕ ಅಷ್ಟ ಇಟಗೋರಿ, ನಮ್ಮ ಹೆಸರಿಲೆ ಹಂಚಬ್ಯಾಡ್ರಿ. ಇನ್ನ ಎಲ್ಲಾರೂ ನೋಡೋಹಂಥಾ ಪುಟ ಇದ್ರ ವೇಬ್ಯಾಕ್ ಮಷೀನಿನ್ಯಾಗ 'ಈ ಪುಟ ಈಗ ಉಳಿಸು' ಅನ್ನೋ ಜಾಗಾ ಅದ. ವಿಳಾಸ ಅಂಟಿಸಿ ಒತ್ತಿದ್ರ ಅವರ ನಕಲು ತಗೊಂಡು ಹೊಸಾ ವಿಳಾಸ ಕೊಡ್ತಾರ. ಅದನ್ನೂ ಯಾದಿಯೊಳಗ ಬರೀರಿ. ಪಾಸ್‌ವರ್ಡ್ ಹಾಕಿ ಒಳಗ ಹೋಗೋ ಪುಟಕ್ಕ ಇದು ನಡಿಯಂಗಿಲ್ಲ. ಅಕ್ಕ ಇದ್ದಾಗ ನಾ ದಿನಕ್ಕ ಎರಡು ಪುಟ ಹಿಂಗ ಮಾಡಿದ್ರ ಸುಮಾರು ಒಂದು ತಿಂಗಳಿನ್ಯಾಗ ಎಲ್ಲಾ ಮುಗೀತಿತ್ತು. ಈ ಲೆಕ್ಕಾ ನಾ ರಾತ್ರಿ ಭಾಳ ಸಲ ಹಾಕೇನಿ.

ನಾಕನೇದ್ದು, ವರ್ಷಕ್ಕೊಮ್ಮೆ ಕೊಡವಿ ನೋಡ್ರಿ. ದೀಪಾವಳಿ ಮುಂದ ಅಟ್ಟ ಹೊಡೀತೇವಲ್ಲ, ಆವಾಗ ಇದನ್ನೂ ಹೊಡೀರಿ. ಒಂದೊಂದ ಲಿಂಕ್ ಒತ್ತೋದು, ತೆರೀಲಿಲ್ಲಂದ್ರ ಮುಂದ ಗೆರಿ ಹಾಕೋದು, ಬ್ಯಾಡಾದ್ದನ್ನ ತಗದು ಒಗಿಯೋದು. ಕೈ ತಪ್ಪಿ ಒಗದ್ರೂ ಡ್ರೈವಿನ ಕಸದ ಬುಟ್ಯಾಗ 30 ದಿನ ಇರ್ತದ, ಆಮ್ಯಾಲೆ ತಾನ ಹೋಗ್ತದ.

ಕಡೀ ಮಾತು, ಇದನ್ನ ಹೇಳಲಿಕ್ಕೇನ ನಾ ಬರೀಲಿಕ್ಕೆ ಕೂತದ್ದು. ನಮ್ಮ ಮನೆಯವರ ಟ್ರಂಕಿನ್ಯಾಗ ಎಲ್‌ಐಸಿ ಬಾಂಡು ಅದಾವ, ಬ್ಯಾಂಕಿನ ಠೇವಣಿ ಪಾವತಿ ಅದಾವ. ಎಲ್ಲಾದ್ರ ಮ್ಯಾಲೂ ನಾಮಿನಿ ಹೆಸರದ. ಮನಿ ಪತ್ರಾ ಎಲ್ಲದ ಅಂತ ಮಗಗ ಎರಡು ಸಲ ತೋರಸ್ಯಾರ. ನಮ್ಮಕ್ಕನ ಹಾಡಿಗೆ ನಾಮಿನಿ ಇದ್ದಿದ್ದಿಲ್ಲ. ನನ್ನ ಫೋಲ್ಡರಿಗೂ ಇದ್ದಿದ್ದಿಲ್ಲ. ನನಗ ನಾಳೆ ಏನರ ಆದ್ರ, ನನ್ನ ಫೋನಿನ ಬೀಗ ಯಾರಿಗೂ ಗೊತ್ತಿಲ್ಲ, ಅದೂ ಕಪಾಟ ಸೇರ್ತಿತ್ತು. ಗೂಗಲ್‌ನವರು ಹೇಳ್ಯಾರ, ಎರಡು ವರ್ಷ ಯಾರೂ ಮುಟ್ಟಲಾರದ ಸ್ವಂತ ಖಾತೆ ಅಳಿಸಬಹುದು ಅಂತ. 2023ರ ಡಿಸೆಂಬರಿನಿಂದ ಆ ನಿಯಮ ನಡದದ. ಎರಡು ವರ್ಷ ಅಂದ್ರ ಏನ್ರಿ, ಒಂದು ವರ್ಷಾಂತಕ ಮುಗಿಸಿ ಮನಿ ಮಂದಿ ಕಣ್ಣೀರು ಒರಸಿಕೊಳ್ಳೋದ್ರಾಗ ಬಂದೇಬಿಡ್ತದ.

ಅದಕ್ಕ ಎರಡು ಕೆಲಸ ಮಾಡೇನಿ. ಒಂದು, ಆರೂ ಫೋಲ್ಡರ್ ಸೊಸಿ ಕೂಡ ಹಂಚಿಕೊಂಡೇನಿ, ಆಕಿ ಇಮೇಲ್ ಹಾಕಿ, ಬರೇ ನೋಡೋದಲ್ಲ, ತಿದ್ದೋ ಅಧಿಕಾರ ಸುದ್ಧಾ ಕೊಟ್ಟು. 'ಲಿಂಕ್ ಇದ್ದ ಯಾರ ಬೇಕಾದ್ರೂ' ಅನ್ನೋದನ್ನ ಮಾತ್ರ ಒತ್ತಬ್ಯಾಡ್ರಿ, ಅದು ತಲಬಾಗಿಲ ತೆರದಿಟ್ಟು ತೇರಿಗೆ ಹ್ವಾದಂಗ. ಆಧಾರ ನಂಬರು, ಬ್ಯಾಂಕಿನ ಪಾಸ್‌ವರ್ಡು ಇದರಾಗ ಬರದಿಡಲೂ ಬ್ಯಾಡ್ರಿ. ಎರಡನೇದ್ದು, ಗೂಗಲ್ ಖಾತೆಯೊಳಗ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ಅಂತ ಒಂದು ಅನುಕೂಲ ಅದ. ನಾವು ಇಷ್ಟು ತಿಂಗಳು ಖಾತೆ ಮುಟ್ಟದಿದ್ರ ಇಂಥಿಂಥವರಿಗೆ ತಿಳಿಸಿ, ಇಂಥಿಂಥಾದ್ದನ್ನ ಅವರ ಕೈಗೆ ಕೊಡ್ರಿ ಅಂತ ಮೊದಲ ಹೇಳಿಡಬಹುದು. ಹತ್ತು ಮಂದಿ ತನಕಾ ಹೆಸರು ಹಾಕಬಹುದು. ನಾ ಇಬ್ಬರದು ಹಾಕೇನಿ, ಸೊಸಿದು ಮತ್ತ ಅಕ್ಕನ ಮಗಂದು. ನಮ್ಮ ಭಾಷಾದಾಗ ಇದೂ ನಾಮಿನೀನ. ಸೊಸಿಗೆ ಹೇಳಿದ್ರ "ಅತ್ತೀ, ಹಬ್ಬದ ದಿನ ಇದೇನು ಮಾತು" ಅಂದ್ಲು. ಬಾಂಡಿನ ನಾಮಿನಿ ತುಂಬೋವಾಗ ಯಾರೂ ಹಂಗ ಅನ್ನಂಗಿಲ್ಲ.

ಇನ್ನ ಆ ಮಂಗಳಗೌರಿ ಆರತಿ. ಅವತ್ತ ಸೊಸಿ ಆರತಿ ತಾಟು ಹಿಡಕೊಂಡು ಕಾಯ್ಲಿಕತ್ತಿದ್ಲು. ನಾನು ಫೋನಿನ್ಯಾಗ ಹಾಡಿದೆ. ನನ್ನ ದನಿ ಅವ್ವನ ದನಿ ಅಲ್ಲ, ಅಕ್ಕಂದೂ ಅಲ್ಲ, ಮ್ಯಾಲಿನ ಸ್ವರಕ್ಕ ಒಡೀತದ. ನಾಕನೇ ನುಡಿಯೊಳಗ ಎರಡು ಸಾಲು ನೆನಪ ಆಗ್ಲಿಲ್ಲ, ಬರೇ ಧಾಟಿ ಗುನಗಿದೆ. ಮರುದಿನ ನೆನಪಿದ್ದಷ್ಟು ಬರದೆ, ರೆಕಾರ್ಡೂ ಮಾಡಿದೆ, ಡ್ರೈವಿಗೆ ಹಾಕಿದೆ. ಯಾದಿಯೊಳಗ 17ನೇ ಸಾಲಿನ ಮುಂದ ಹಳೇ ಸತ್ತ ಲಿಂಕ್ ಹಂಗ ಇಟ್ಟೇನಿ, ತಗೀಲಿಕ್ಕೆ ಮನಸ್ಸಾಗ್ಲಿಲ್ಲ. ಅದರ ಬಾಜೂಕ ಬರದೇನಿ: "ಅವ್ವ ಹಾಡಿದ್ದು, ಅಕ್ಕ ಬರದದ್ದು, ನನಗ ನೆನಪಿದ್ದಷ್ಟು. ನಾಕನೇ ನುಡಿಯೊಳಗ ಎರಡು ಸಾಲು ಇಲ್ಲ. ಅತ್ಯಾನ ಮಗಳಿಗೆ ಕೇಳಬೇಕು."

ಅತ್ಯಾನ ಮಗಳು ಗದಗಿನ್ಯಾಗ ಇರ್ತಾಳ, ಆಕಿಗೆ ಈಗ 78. ಈ ಐತವಾರ ಬಸ್ ಹತ್ತತೇನಿ.